ಬರಿದಾದ ಒರೆಯ ಕಾಲನಿರ್ಣಯ ಮೀಮಾಂಸೆ

ಪಿಸ್ತೂಲು ಒರೆ, ಅಂದರೆ ಸೈನಿಕನ ಸೊಂಟಪಟ್ಟಿಗೆ ತೂಗಿಕೊಂಡು ಆಯುಧವನ್ನು ಮಳೆ, ಧೂಳು ಮತ್ತು ಮೇಲಧಿಕಾರಿಯ ತಪಾಸಣೆಯಿಂದ ಕಾಪಾಡುತ್ತಿದ್ದ ತೊಗಲಿನ ಚೀಲ, ಯುದ್ಧಕಾಲದಲ್ಲಿ ಯಾರ ಗಮನವನ್ನೂ ಸೆಳೆಯದೆ, ಯುದ್ಧ ಮುಗಿದು ಒಳಗಿನ ಪಿಸ್ತೂಲು ಕಾಣೆಯಾದ ಮೇಲಷ್ಟೇ ಸ್ವತಂತ್ರ ಶಾಸ್ತ್ರವೊಂದಕ್ಕೆ ಆಸ್ಪದವಿತ್ತಿತು. ಈ ಶಾಸ್ತ್ರದಲ್ಲಿ ಪಳಗಿದವರು ವಸ್ತುವನ್ನು ಮೊದಲು ಬೆನ್ನ ಕಡೆಯಿಂದ ನೋಡುತ್ತಾರೆ. ಮುಂಭಾಗವನ್ನು ನೋಡಿ ಮೆಚ್ಚುವವರನ್ನು ಗಿರಾಕಿಗಳೆಂದು ವರ್ಗೀಕರಿಸುವುದು ರೂಢಿ.

ಜರ್ಮನ್ ಸೇನೆಯ ಪಿ08 ಒರೆಗೆ ಇಲ್ಲಿ ಮೂಲಗ್ರಂಥದ ಸ್ಥಾನವಿದೆ. ಅಲ್ಲಿನ ಭೂಸೇನೆ 1908ರಲ್ಲಿ ಅಂಗೀಕರಿಸಿದ ಲೂಗರ್ ಪಿಸ್ತೂಲಿಗೆಂದು ಗಟ್ಟಿ ತೊಗಲಿನಲ್ಲಿ ಹೊಲಿದ ಈ ಒರೆಯ ಅಂಚಿನಲ್ಲಿ ಹೆಚ್ಚುವರಿ ಮ್ಯಾಗಜೀನಿಗೆ, ಅಂದರೆ ಗುಂಡು ತುಂಬಿದ ಲೋಹದ ಪೆಟ್ಟಿಗೆಗೆ, ಒಂದು ಕಿರುಚೀಲವೂ ಮುಚ್ಚಳದ ಒಳಮೈಯಲ್ಲಿ ಪಿಸ್ತೂಲು ಬಿಚ್ಚುವ ಪುಟ್ಟ ಉಪಕರಣಕ್ಕೆ ಒಂದು ಜೇಬೂ ಇವೆ. ಆ ಜೇಬು ಖಾಲಿಯಿದ್ದರೆ ಒರೆ ರಣರಂಗ ಕಂಡದ್ದೆಂಬುದಕ್ಕೆ ಅದೇ ಸಾಕ್ಷಿಯೆಂದೂ, ಉಪಕರಣ ಸಿಕ್ಕರೆ ಒರೆ ಅಸಲಿಯೆಂಬುದಕ್ಕೆ ಅದೇ ಸಾಕ್ಷಿಯೆಂದೂ ಮಾರುವವರು ಪ್ರತಿಪಾದಿಸುವುದರಿಂದ, ಈ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಬೆನ್ನ ಮೇಲೆ ಒತ್ತಿದ ತಯಾರಕರ ಹೆಸರು, ಊರು, ಇಸವಿ ಮತ್ತು ಶಸ್ತ್ರ ಇಲಾಖೆಯ ತಪಾಸಣೆಯನ್ನು ಸೂಚಿಸುವ ಹದ್ದಿನ ಮುದ್ರೆ ಸೇರಿ ಇದರ ಶಾಸನಭಾಗ. ಕಾರ್ಖಾನೆ ಯಾವ ಊರಿನದೆಂಬ ಸುಳಿವು ಶತ್ರುವಿಗೆ ಸಿಗಬಾರದೆಂದು 1940ರ ಸುಮಾರಿಗೆ ಹೆಸರಿನ ಜಾಗಕ್ಕೆ ಮೂರಕ್ಷರದ ಸಂಕೇತ ಬಂದಿದ್ದು, ಆ ಗುಟ್ಟು ಅಂದಿನ ಶತ್ರುವಿಗಿಂತ ಇಂದಿನ ಸಂಗ್ರಾಹಕನನ್ನೇ ಹೆಚ್ಚು ಗೋಳುಹೊಯ್ದುಕೊಂಡಿದೆ. 1936ರ ಇಸವಿಯೂ ಮೂರಕ್ಷರದ ಸಂಕೇತವೂ ಅಕ್ಕಪಕ್ಕದಲ್ಲಿ ಕುಳಿತಿದ್ದರೆ ಅದನ್ನು ಕೂಟಶಾಸನ, ಅಂದರೆ ಹಿಂದಿನ ಕಾಲದ್ದೆಂದು ನಂಬಿಸಲು ಆಮೇಲೆ ಸೃಷ್ಟಿಸಿದ ಖೋಟಾ ದಾಖಲೆ, ಎಂದು ನಿಸ್ಸಂಕೋಚವಾಗಿ ಹೇಳಬಹುದು.

ಜಪಾನಿನ ಒರೆಗಳಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷವಿರುತ್ತದಾದ್ದರಿಂದ ಶೋವಾ 18 ಎಂದಿದ್ದರೆ 1925ನ್ನು ಕೂಡಿಸಿ 1943 ಎಂದು ಓದಬೇಕು; ಶಕವರ್ಷಕ್ಕೆ 78 ಕೂಡಿಸಿ ಕೂಡಿಸಿ ಕೈ ಪಳಗಿರುವ ಕನ್ನಡದ ಶಾಸನತಜ್ಞರಿಗೆ ಇದನ್ನು ವಿವರಿಸುವುದು ಅನಗತ್ಯ. ಅಮೆರಿಕದ ಎಂ1916 ಒರೆಯ ಮುಚ್ಚಳದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ಯುಎಸ್ ಎಂದಿದ್ದು, ಹಿಂಬದಿಯಲ್ಲಿ ತಯಾರಕರ ಹೆಸರೂ ಇಸವಿಯೂ ಇರುವುದರಿಂದ ಪಂಡಿತರಿಗೆ ಅದರಲ್ಲಿ ಹೆಚ್ಚಿನ ಕೆಲಸವಿರಲಿಲ್ಲ. ಈ ಕೊರತೆಯನ್ನು ಅಲ್ಲಿನ ಸೇನೆಯೇ ನೀಗಿತು: 1950ರ ದಶಕದ ಉತ್ತರಾರ್ಧದಲ್ಲಿ ಕಂದು ತೊಗಲನ್ನು ಬಿಟ್ಟು ಕಪ್ಪಿಗೆ ಬಂದು, ಹಳೆಯ ಒರೆಗಳಿಗೂ ಕಪ್ಪು ಬಣ್ಣ ಬಳಿಸಿ, ಒಂದೇ ಪಠ್ಯಕ್ಕೆ ಎರಡು ಕಾಲಗಳನ್ನು ದಯಪಾಲಿಸಿತು.

ಮುದ್ರೆ ಅಳಿಸಿಹೋದ ಒರೆಗಳ ವಿಚಾರದಲ್ಲಿ ಪಂಡಿತರು ಎರಡು ಪಂಥಗಳಾಗಿದ್ದಾರೆ. ದಾರಪಂಥದವರು ಹೊಲಿಗೆಯನ್ನು ಅತಿನೇರಳೆ ದೀಪದಡಿ ಹಿಡಿದು, ದಾರ ನೀಲಿಯಾಗಿ ಹೊಳೆದರೆ ಅದಕ್ಕೆ ಯುದ್ಧಾನಂತರ ಬಳಕೆಗೆ ಬಂದ ಹೊಳಪುಕಾರಕ ತಗುಲಿದೆಯೆಂದು ಶಂಕಿಸುತ್ತಾರೆ; ಅದು ಹೊಸ ದಾರದಿಂದ ಬಂದಿರಬಹುದು, ಅಥವಾ ಹಳೆಯ ಒರೆಯನ್ನು ಮನೆಯವರು ಸೋಪುಪುಡಿ ಹಾಕಿ ತಿಕ್ಕಿದ್ದರಿಂದಲೂ ಬಂದಿರಬಹುದು. ಕಿಲುಬುಪಂಥದವರು ಹಿತ್ತಾಳೆಯಲ್ಲಿನ ತಾಮ್ರ ತೊಗಲಿನ ಕೊಬ್ಬಿನಂಶದೊಡನೆ ಕೂಡಿ ಗುಂಡಿಯ ಸುತ್ತ ಮೇಣದಂತೆ ಕಟ್ಟುವ ಹಸಿರು ಕಿಲುಬನ್ನು ಭೂತಗನ್ನಡಿಯಲ್ಲಿ ದರ್ಶನ ಮಾಡುತ್ತಾರೆ. ಚಹಾ ಡಿಕಾಕ್ಷನ್ ಕುಡಿಸಿ, ಬೂಟ್‌ಪಾಲಿಶ್ ಬಳಿದು, ಬಿಸಿಲಿಗೆ ಒಣಹಾಕಿ ಮುಪ್ಪು ಬರಿಸಿದ ಒರೆಗಳ ಮುಂದೆ ಮಾತ್ರ ಎರಡೂ ಪಂಥಗಳು ಒಂದಾಗಿ ಮೂಸಿ ನೋಡುತ್ತವೆ.

ಪ್ರತ್ಯಕ್ಷ, ಅನುಮಾನಗಳೆರಡೂ ಕೈಕೊಟ್ಟಾಗ ಉಳಿಯುವ ಪ್ರಮಾಣ ಐತಿಹ್ಯ, ಅಂದರೆ ಮಾರುವವರ ಅಜ್ಜನ ಕಥೆ. ಪಿ08 ಪಿಸ್ತೂಲು ಮೆಷಿನ್‌ಗನ್ ನಡೆಸುವ ಸಾಮಾನ್ಯ ಸೈನಿಕನ ಸೊಂಟದಲ್ಲೂ ಇರುತ್ತಿತ್ತೆಂಬುದು ನಿರ್ವಿವಾದವಾದರೂ, ಐತಿಹ್ಯದ ಪ್ರಕಾರ ಪ್ರತಿಯೊಂದು ಒರೆಯೂ ಶರಣಾದ ಕರ್ನಲ್ ಒಬ್ಬನದೇ. ಕರ್ನಲ್‌ಗಿಂತ ಕೆಳಗಿನವರಾರೂ ಶರಣಾದಂತೆ ತೋರುವುದಿಲ್ಲ. ಆದ್ದರಿಂದ ಕಥೆಯನ್ನು ಪೂರ್ತಿ ಕೇಳಿ, ಒರೆಗೆ ಮಾತ್ರ ಬೆಲೆ ಕಟ್ಟುವುದು ಶಾಸ್ತ್ರಸಮ್ಮತವಾದ ಕ್ರಮ.

ಮುಚ್ಚಳ ತೆರೆದಾಗ ಒಳಗೆ ಪಿಸ್ತೂಲೇ ಕಂಡುಬಂದರೆ ಈ ಶಾಸ್ತ್ರದ ವ್ಯಾಪ್ತಿ ಅಲ್ಲಿಗೆ ಮುಗಿಯುತ್ತದೆ. ಭಾರತದಲ್ಲಿ ಅದರ ಮುಂದಿನ ವ್ಯಾಖ್ಯಾನ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಸೇರಿದ್ದು.