ಬಯ್ದಷ್ಟೂ ಬೆಲೆ ಕಟ್ಟುವ ಧಣಿಗಳಿಗೆ

ಲಂಡನ್, ನ್ಯೂಯಾರ್ಕ್ ಮೊದಲಾದ ಕಡೆಯ ಹರಾಜು ಸಂಸ್ಥೆ, ಗ್ಯಾಲರಿ, ಮ್ಯೂಸಿಯಂಗಳ ಮಾನ್ಯ ಧಣಿಗಳಿಗೆ ನಮಸ್ಕಾರಗಳು.

ನಿಮ್ಮ ಸಹನೆಯನ್ನು ಕೊಂಡಾಡಲು ಈ ಪತ್ರ. ಮನೆಗೆ ಬಂದು ಬಯ್ದವನಿಗೂ ಊಟ ಹಾಕಿ ಕಳಿಸುವವರನ್ನು ನಾವು ಕಂಡಿದ್ದೇವೆ. ಬೈಗುಳಕ್ಕೆ ಚೌಕಟ್ಟು ಹಾಕಿಸಿ, ವಿಮೆ ಮಾಡಿಸಿ, ಮೊಮ್ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗುವವರು ನೀವೊಬ್ಬರೇ.

1961ರಲ್ಲಿ ಇಟಲಿಯ ಕಲಾವಿದ ಪಿಯೆರೊ ಮಂಜೋನಿ ತನ್ನ ಮಲವೆಂದು ಚೀಟಿ ಅಂಟಿಸಿದ 90 ಡಬ್ಬಿಗಳನ್ನು ನಿಮ್ಮ ಮುಂದಿಟ್ಟ. ಒಂದೊಂದರಲ್ಲಿ 30 ಗ್ರಾಂ. ಬೆಲೆ ಅಷ್ಟೇ ತೂಕದ ಚಿನ್ನದ್ದು. ನೀವು ಮೂಗು ಮುಚ್ಚಿಕೊಳ್ಳಲಿಲ್ಲ. 2000ದಲ್ಲಿ ಲಂಡನ್ನಿನ ಟೇಟ್ ಮ್ಯೂಸಿಯಂ ಒಂದು ಡಬ್ಬಿಗೆ 22 ಸಾವಿರ ಪೌಂಡಿಗೂ ಹೆಚ್ಚು ತೆತ್ತಿತು; ಅಷ್ಟು ಚಿನ್ನಕ್ಕೆ ಆಗ ಅದರ ನೂರರಲ್ಲೊಂದು ಪಾಲೂ ಬೇಕಿರಲಿಲ್ಲ.

2018ರಲ್ಲಿ ಬೀದಿ ಕಲಾವಿದ ಬ್ಯಾಂಕ್ಸಿಯ ‘ಬಲೂನು ಹುಡುಗಿ’ ಚಿತ್ರ ಸದಬೀಸ್‌ನಲ್ಲಿ 10.4 ಲಕ್ಷ ಪೌಂಡಿಗೆ ಹರಾಜಾದ ಮರುಕ್ಷಣ, ಚೌಕಟ್ಟಿನಲ್ಲಿ ಅಡಗಿಸಿಟ್ಟಿದ್ದ ಯಂತ್ರ ಚಿತ್ರವನ್ನು ಪಟ್ಟಿಪಟ್ಟಿಯಾಗಿ ಸೀಳಿ ಅರ್ಧಕ್ಕೆ ನಿಂತಿತು. ಪೊಲೀಸರು ಬರಬಹುದೆಂದು ನಾವು ಕಾದೆವು. ಬಂದದ್ದು ಹೊಸ ಹೆಸರು, ಹೊಸ ಪ್ರಮಾಣಪತ್ರ. ಮೂರು ವರ್ಷಕ್ಕೆ ಹರಿದ ಚಿತ್ರ 1.85 ಕೋಟಿ ಪೌಂಡ್ ತಂದಿತು.

ಮೌರಿಜಿಯೊ ಕಟೆಲಾನ್ ಗೋಡೆಗೆ ಟೇಪು ಹಾಕಿ ಅಂಟಿಸಿದ ಬಾಳೆಹಣ್ಣು 2024ರಲ್ಲಿ 62 ಲಕ್ಷ ಡಾಲರಿಗೆ ಹೋಯಿತು. ಕೊಂಡವನು ಸುಲಿದು ತಿಂದೂಬಿಟ್ಟ. ನಷ್ಟವೇನಿಲ್ಲ, ಅವನು ಕೊಂಡದ್ದು ಪ್ರಮಾಣಪತ್ರವನ್ನು, ಅಂಟಿಸುವ ವಿಧಾನವನ್ನು. ಹರಾಜಿಗಿಟ್ಟ ಹಣ್ಣು ಬೀದಿಬದಿಯ ಅಂಗಡಿಯದು, 35 ಸೆಂಟಿನದು. ಇಡೀ ವ್ಯವಹಾರದಲ್ಲಿ ನ್ಯಾಯವಾದ ಬೆಲೆ ನಡೆದದ್ದು ಅಲ್ಲೊಂದೇ ಕಡೆ.

ಟಗರಾಗಿ ಹೊಟ್ಟೆ ಸೇರಿ, ಒಳಗಿಂದ ಬಗೆದು ಹೊರಬರುವ ವಾತಾಪಿಯಂತೆ ಈ ಕಲಾವಿದರು ನಿಮ್ಮ ಎಲೆಗೆ ಬಂದರು. ನೀವೋ ಅಗಸ್ತ್ಯರು. ಹೊಟ್ಟೆ ಸವರಿಕೊಂಡು ತೇಗಿದಿರಿ.

ಆದರೂ ನಿಮಗೆ ಅಜೀರ್ಣವಾದ ಪ್ರಸಂಗಗಳುಂಟು: ಯಾರಾದರೂ ಲೆಕ್ಕ ತೆಗೆದಾಗ. 1971ರಲ್ಲಿ ಕಲಾವಿದ ಹಾನ್ಸ್ ಹಾಕೆ ಯಾರನ್ನೂ ಬಯ್ಯಲಿಲ್ಲ. ನ್ಯೂಯಾರ್ಕಿನಲ್ಲಿ ಒಂದೇ ಕೂಟದ ಕೈಯಲ್ಲಿದ್ದ 142 ಆಸ್ತಿಗಳ ಫೋಟೊ ತೆಗೆದು, ಸರ್ಕಾರಿ ದಾಖಲೆಯಲ್ಲಿದ್ದ ವಿವರಗಳನ್ನು ಜೊತೆಗಿಟ್ಟ, ಅಷ್ಟೇ. ಗುಗೆನ್‌ಹೈಮ್ ಮ್ಯೂಸಿಯಂ ಪ್ರದರ್ಶನವನ್ನೇ ರದ್ದು ಮಾಡಿತು. ಅವನ ಪರ ನಿಂತ ಕ್ಯುರೇಟರ್ ಎಡ್ವರ್ಡ್ ಫ್ರೈ ಕೆಲಸ ಕಳೆದುಕೊಂಡ. ಆ ಕೃತಿ ಈಗ ವಿಟ್ನಿ ಮ್ಯೂಸಿಯಂನ ಸಂಗ್ರಹದಲ್ಲಿದೆ. ಲೆಕ್ಕ ಹಳಸಿದ ಮೇಲೆ ನಿಮಗೆ ಅರಗುತ್ತದೆ, ಬಿಸಿಬಿಸಿಯಾಗಿದ್ದಾಗ ಅರಗುವುದಿಲ್ಲ.

2021ರಲ್ಲಿ ಡೆನ್ಮಾರ್ಕಿನ ಕಲಾವಿದ ಯೆನ್ಸ್ ಹೋನಿಂಗ್, ಕಲಾಕೃತಿಯಲ್ಲಿ ಅಂಟಿಸಲೆಂದು ಮ್ಯೂಸಿಯಂ ಎರವಲು ಕೊಟ್ಟ ಐದು ಲಕ್ಷಕ್ಕೂ ಹೆಚ್ಚು ಕ್ರೋನರ್ ಇಟ್ಟುಕೊಂಡು ಖಾಲಿ ಕ್ಯಾನ್ವಾಸ್‌ಗಳನ್ನು ಕಳಿಸಿದ. ಹೆಸರು, ‘ದುಡ್ಡು ತಗೊಂಡು ಓಡು’. ನೀವು ಕೊಡುವ ಸಂಭಾವನೆಗೆ ದುಡಿದರೆ ತನ್ನ ಕೈಯಿಂದಲೇ ದುಡ್ಡು ಹೋಗುತ್ತದೆ ಎಂಬುದು ಅವನ ವಾದ. ಆ ಕ್ಯಾನ್ವಾಸ್‌ಗಳನ್ನು ಗೋಡೆಗೆ ನೇತುಹಾಕಿದ್ದೂ ಆಯಿತು, ಅವನ ಮೇಲೆ ದಾವೆ ಹೂಡಿದ್ದೂ ಆಯಿತು. 2023ರಲ್ಲಿ ಕೋರ್ಟು, ಹಣ ಹಿಂದಿರುಗಿಸು ಎಂದಿತು.

ಲೆಕ್ಕದ ಮಾತು ಬಂತಲ್ಲ, ಭಾರತದ ನಮ್ಮ ಕಾಪಿರೈಟ್ ಕಾಯ್ದೆಯ 53ಎ ಕಲಂ ಪ್ರಕಾರ ಮೂಲಚಿತ್ರ ಹತ್ತು ಸಾವಿರ ರೂಪಾಯಿ ಮೀರಿ ಮರುಮಾರಾಟವಾದರೆ ಕಲಾವಿದನಿಗೋ ವಾರಸುದಾರರಿಗೋ ಪಾಲುಂಟು. ಹೆಚ್ಚೆಂದರೆ ಶೇ 10. 2025ರ ಮಾರ್ಚಿನಲ್ಲಿ ನಮ್ಮ ಚಿತ್ರಕಾರ ಎಂ.ಎಫ್. ಹುಸೇನರ ‘ಗ್ರಾಮ ಯಾತ್ರಾ’ ನ್ಯೂಯಾರ್ಕಿನಲ್ಲಿ 1.37 ಕೋಟಿ ಡಾಲರ್ ದಾಟಿತು. ಹಣ ಅದನ್ನು ಮಾರಿದ ಓಸ್ಲೊದ ಆಸ್ಪತ್ರೆಗೆ, ಸಂತೋಷ. ಕಮಿಷನ್ ನಿಮಗೆ, ಅದೂ ಸಂತೋಷ. ಬರೆದವನ ಮನೆಗೆ ಪಾಲು ಕೊಡಿ ಎನ್ನುವ ಕಾನೂನು ಮಾತ್ರ ಅಲ್ಲಿಲ್ಲ.

ಒಂದು ಸಣ್ಣ ಅರಿಕೆ. ಕ್ಯಾಟಲಾಗಿನಲ್ಲಿ ಪ್ರತಿ ಚಿತ್ರದ ಹಿಂದಿನ ಮಾಲೀಕರ ವಂಶಾವಳಿಯನ್ನು ಅಚ್ಚುಕಟ್ಟಾಗಿ ಮುದ್ರಿಸುತ್ತೀರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಚಿತ್ರ ಕೈ ಬದಲಾಯಿಸಿದಾಗೆಲ್ಲ ಕಲಾವಿದನಿಗೆ ಸಂದದ್ದೆಷ್ಟು? ಸೊನ್ನೆಯಾದರೆ ಸೊನ್ನೆ ಎಂದೇ ಹಾಕಿ. ಸೊನ್ನೆಯನ್ನೂ ಕಲಾಕೃತಿಯೆಂದು ಮಾರುವ ಜಾಣ್ಮೆ ನಿಮಗಿದ್ದೇ ಇದೆ.

ಇಂತಿ,
ಟಿಕೆಟ್ ಕೊಂಡು ಒಳಗೆ ಬರುವ ಒಬ್ಬ ಪ್ರೇಕ್ಷಕ