ರಿಪೇರಿ ಚಿಕ್ಕಪ್ಪ

ಯಾವ ಮನೆತನ ತೆಗೆದುಕೊಂಡರೂ ಅದರಲ್ಲೊಬ್ಬ ರಿಪೇರಿ ಚಿಕ್ಕಪ್ಪ ಇದ್ದೇ ಇರುತ್ತಾರೆ. ನಮ್ಮವರು ದೂರವಾಣಿನಗರದ ಐಟಿಐಯಲ್ಲಿ ಟೆಲಿಫೋನಿಗೆ ಬೆಸುಗೆ ಹಾಕುತ್ತಲೇ ನಿವೃತ್ತರಾದವರು. ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರು. ಕಾಫಿ ಕೊಟ್ಟರೆ ಲೋಟ ಹಿಡಿದೇ ಮೇಲೆ ನೋಡಿ, "ಫ್ಯಾನು ಯಾಕೋ ಅಳ್ಳಾಡ್ತಿದೆಯಲ್ಲ" ಅನ್ನುತ್ತಾರೆ. ಅಲ್ಲಿಗೆ ಆ ರಾತ್ರಿ ನಮಗೆ ಗಾಳಿಯಿಲ್ಲ.

ಈ ಸಲ ಅವರ ಕಣ್ಣಿಗೆ ಬಿದ್ದದ್ದು ನನ್ನ ಮಗನ ಗೇಮ್ ಕಂಟ್ರೋಲರ್. ಟಿವಿಯೊಳಗಿನ ಸೈನಿಕ, ಯಾರೂ ಏನೂ ಮಾಡದೆ ಇದ್ದರೂ, ಎಡಕ್ಕೆ ಸರಿದು ಸರಿದು ಗೋಡೆಗೆ ಮೂತಿ ಉಜ್ಜುತ್ತಿದ್ದ.

"ಇವನಿಗೇನೋ ಬಂತು?"

"ಸ್ಟಿಕ್ ಡ್ರಿಫ್ಟ್ ತಾತ. ಸೆಟ್ಟಿಂಗ್ಸಲ್ಲಿ ಡೆಡ್‌ಜೋನ್ ಜಾಸ್ತಿ ಮಾಡಿದೀನಿ. ಸಣ್ಣಪುಟ್ಟ ಅಲುಗಾಟ ಲೆಕ್ಕಕ್ಕೆ ತಗೊಳಲ್ಲ."

"ಅಂದ್ರೆ ಮಗು ಅಳ್ತಿದೆ ಅಂತ ನೀನು ಕಿವಿಗೆ ಹತ್ತಿ ಇಟ್ಕೊಂಡೆ."

"ಹೊಸದು ತಗೊಳೋಣ ಅಂತ…"

ಅದನ್ನು ಆಡಬಾರದಿತ್ತು. 'ಹೊಸದು' ಅನ್ನುವುದು ಚಿಕ್ಕಪ್ಪನ ಮುಂದೆ ಆಡುವ ಮಾತಲ್ಲ. ಊಟದ ಮೇಜಿನ ಮೇಲೆ ಪೇಪರು ಹಾಸಿಯಾಯಿತು. ಸ್ಕ್ರೂ ಬೆರೆತುಹೋಗದಂತೆ ಗುಳಿಗೊಂದರಂತೆ ಹಾಕಲು ಇಡ್ಲಿ ತಟ್ಟೆ ಬಂತು. ಹೊರಕವಚದ ಸಂದಿಗೆ ಅವಧಿ ಮುಗಿದ ಎಟಿಎಂ ಕಾರ್ಡು ತೂರಿಸಿ ಮೀಟಿದಾಗ ಒಂದೊಂದು ಕ್ಲಿಪ್ಪೂ 'ಟಕ್' ಅನ್ನುವುದು, ಮಗ ಕಣ್ಣು ಮುಚ್ಚುವುದು. ಇಡ್ಲಿ ತಟ್ಟೆಗೆ ಆವಿ ಏರಲು ತೂತುಗಳಿರುತ್ತವೆ ಎಂಬುದು, ಒಂದು ಸ್ಕ್ರೂ ಅದರಲ್ಲಿ ಇಳಿದು ಸೋಫಾದಡಿ ಸೇರಿದ ಮೇಲೆ ಎಲ್ಲರಿಗೂ ನೆನಪಾಯಿತು.

ಸ್ಟಿಕ್ಕಿನ ಬುಡದಲ್ಲೊಂದು ಪುಟ್ಟ ಪೆಟ್ಟಿಗೆ. ಅದರ ಎರಡು ಮಗ್ಗುಲಿಗೆ ಎರಡು ಪೊಟೆನ್ಶಿಯೋಮೀಟರು. ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಗೆ. ಒಂದರ ಮುಚ್ಚಳ ಎಬ್ಬಿಸಿದ ಚಿಕ್ಕಪ್ಪನ ಮುಖ ಹುಣ್ಣಿಮೆಯಾಯಿತು.

"ಅಯ್ಯೋ, ಇದು ನಮ್ಮ ರೇಡಿಯೋ ವಾಲ್ಯೂಮ್ ಕಂಟ್ರೋಲು ಕಣೋ!"

ಸಿಟ್ಟು ಬರುವುದೇ ಇಲ್ಲಿ, ಅವರು ಹೇಳಿದ್ದು ನಿಜ. ಹಳೆಯ ರೇಡಿಯೋದ ಗುಂಡಿ ತಿರುಗಿಸಿದರೆ ಗರಗರ ಅನ್ನುತ್ತಿತ್ತಲ್ಲ, ಅದೇ ರೋಗ. ಇಂಗಾಲದ ಪಟ್ಟಿಯ ಮೇಲೆ ಲೋಹದ ಎಳೆ ಉಜ್ಜುತ್ತಾ ಓಡಾಡುತ್ತದೆ. ಪಟ್ಟಿ ಸವೆಯುತ್ತದೆ, ಪುಡಿ ಕೂರುತ್ತದೆ. ಸ್ಟಿಕ್ಕು ನಟ್ಟನಡುವೆ ನಿಂತಿದ್ದರೂ ವೋಲ್ಟೇಜು ಬೇರೆ ಹೇಳುತ್ತದೆ. ಯಂತ್ರ ಪಾಪ, ಯಾರೋ ಎಡಕ್ಕೆ ತಳ್ಳಿದರೆಂದು ನಂಬುತ್ತದೆ.

ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಮುಚ್ಚಿದರು. ("ಈ ವಯಸ್ಸಲ್ಲಿ ಇದೊಂದು ಬಾಕಿಯಿತ್ತು," ಎಂದು ಚಿಕ್ಕಮ್ಮ ಮೂಗು ಮುಚ್ಚಿಕೊಂಡರು.) ಸೈನಿಕ ಕಂಬದಂತೆ ನಿಂತ. ಚಿಕ್ಕಪ್ಪ ನೆಂಟರಿಗೆಲ್ಲ ಫೋನು ಮಾಡಿದರು. ವಾರ ತುಂಬುವಷ್ಟರಲ್ಲಿ ಸೈನಿಕ ಮತ್ತೆ ಗೋಡೆಗೆ ಹೋದ. ಒರೆಸಿದರೆ ಪುಡಿ ಹೋಗುತ್ತದೆ, ಸವೆದ ಇಂಗಾಲ ಮರಳಿ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಬೇರೆಯವರು ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಚಿಕ್ಕಪ್ಪ ಚಪ್ಪಲಿ ಮೆಟ್ಟಿ ಎಸ್.ಪಿ. ರೋಡಿಗೆ ಹೊರಟರು. ಅಂಗಡಿಯ ಹುಡುಗನಿಗೆ ಮೊದಲು ಪಾಠ, ಆಮೇಲೆ ಚೌಕಾಸಿ. ಕೇಳಿದ್ದು ಹಾಲ್ ಎಫೆಕ್ಟ್ ಸ್ಟಿಕ್ಕು. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮ. ಆಯಸ್ಕಾಂತ ಒಂದು ಕಡೆ, ಸೆನ್ಸರು ಇನ್ನೊಂದು ಕಡೆ, ಒಂದಕ್ಕೊಂದು ತಾಗುವುದೇ ಇಲ್ಲ, ಸವೆಯುವುದೆಲ್ಲಿಂದ? "1998ರಲ್ಲೇ ಸೆಗಾದವರು ಡ್ರೀಮ್‌ಕಾಸ್ಟ್ ಕಂಟ್ರೋಲರಿಗೆ ಇದನ್ನೇ ಹಾಕಿದ್ರಂತೆ. ಗೊತ್ತಿದ್ದೂ ಸವೆಯೋದನ್ನೇ ಹಾಕ್ತಾರೆ ನೋಡು!" ಹುಡುಗ ಬೆಲೆ ಇಳಿಸಿದ. ಪಾಠ ನಿಲ್ಲಲಿ ಎಂದೇ ಇರಬೇಕು.

ಹಳೆಯ ಸ್ಟಿಕ್ಕು ಕೀಳಬೇಕಾದರೆ ಹದಿನಾಲ್ಕು ಕಾಲುಗಳ ಬೆಸುಗೆ ಬಿಡಿಸಬೇಕು. ಕಾಫಿ ಲೋಟ ಎತ್ತುವಾಗ ನಡುಗುವ ಕೈ ಕಾದ ಸಾಲ್ಡರಿಂಗ್ ಐರನ್ ಹಿಡಿದಾಗ ನಡುಗಲಿಲ್ಲ. ಕಾಲಿಗೊಂದು ಹನಿ ಹೊಸ ಸೀಸ, ಮೇಲೆ ತಾಮ್ರದ ಜಡೆ, ಒಂದು ಒತ್ತು. ಜಡೆ ಸೀಸ ಕುಡಿಯಿತು, ತೂತು ಹೊಳೆಯಿತು. ನಾವ್ಯಾರೂ ಉಸಿರು ಬಿಡಲಿಲ್ಲ.

ಹೊಸ ಸ್ಟಿಕ್ಕು ಕೂತಿತು. ಸೈನಿಕ ಬಲಗಡೆಯ ಗೋಡೆಗೆ ಹೋದ.

"ತಾತ, ಕ್ಯಾಲಿಬ್ರೇಟ್ ಮಾಡ್ಬೇಕು. ನಡು ಯಾವುದು ಅಂತ ಅದಕ್ಕೆ ಹೇಳ್ಕೊಡ್ಬೇಕು," ಎಂದ ಮಗ, ಕಂಪ್ಯೂಟರಿಗೆ ವೈರು ಸಿಕ್ಕಿಸಿ ಏನೇನೋ ಒತ್ತಿದ. ಸೈನಿಕ ನಿಂತ. ಬಿಚ್ಚದೆ ಆದ ರಿಪೇರಿಯನ್ನು ಚಿಕ್ಕಪ್ಪ ಅಷ್ಟಾಗಿ ಮೆಚ್ಚಲಿಲ್ಲ. ಟಿವಿ ಬಿಟ್ಟು ಹುಡುಗನ ಬಲಗೈ ಹೆಬ್ಬೆರಳನ್ನೇ ದಿಟ್ಟಿಸಿದರು.

"ಬಲಗಡೆ ಸ್ಟಿಕ್ಕೂ ಅದೇ ಕಾಲದ್ದಲ್ವೇನೋ?"

"ಅದು ಸರಿಯಾಗಿದೆ ತಾತ!"

"ಸರಿಯಾಗಿದೆ ಅಂತ ಬಿಚ್ಚದೆ ಹೇಗೋ ಹೇಳ್ತೀಯ?"

ಮಗ ಕಂಟ್ರೋಲರನ್ನು ಅಡಿಗಿಟ್ಟುಕೊಂಡು ಅದರ ಮೇಲೇ ಕೂತ.