ಎಲ್ಲಿ ಬಿದ್ದದ್ದು?

ಕೈಗೆ ಕಟ್ಟು ಹಾಕಿಸಿಕೊಂಡು ಬಂದವನನ್ನು ಕಂಡರೆ ಲೋಕ ಮೊದಲು ಕೇಳುವುದು "ಅಯ್ಯೋ, ಏನಾಯ್ತು?" ಎಂದು. ನಮ್ಮ ರಾಯರು ಕೇಳುತ್ತಿದ್ದುದು "ಎಲ್ಲಿ ಬಿದ್ದದ್ದು?" ಎಂದು. ಎರಡನೆಯ ಪ್ರಶ್ನೆ "ಎಷ್ಟು ಗಂಟೆಗೆ?" ಮೂರನೆಯದು "ಆಗ ಕೈಯಲ್ಲಿ ಎಂತ ಇತ್ತು, ಟಿಫಿನ್ ಡಬ್ಬಿಯೋ ತರಕಾರಿ ಚೀಲವೋ?" ನೋವು ಹೇಗಿದೆ ಎಂಬ ಪ್ರಶ್ನೆಯೂ ಅವರ ಪಟ್ಟಿಯಲ್ಲಿತ್ತು. ಆದರೆ ಅದರ ಸರದಿ ಬರುವಷ್ಟರಲ್ಲಿ ಊಟದ ವಿರಾಮ ಮುಗಿದು ಸೈರನ್ ಹೊಡೆದಿರುತ್ತಿತ್ತು.

ಎಣ್ಣೂರಿನ ಒಂದು ಕಾರ್ಖಾನೆಯಲ್ಲಿ ರಾಯರು ಸ್ಟೋರ್ಸ್ ಗುಮಾಸ್ತರು, ನಾನು ಅಕೌಂಟ್ಸಿನವನು. ಚೆನ್ನೈನ ಉತ್ತರದ ತುದಿಯ ಈ ಊರಿಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕೊಸಸ್ತಲೈ ನದಿಯ ಅಳಿವೆ. ನಡುವಿನ ಜಾಗದಲ್ಲಿ ಲಾರಿ ಕಾರ್ಖಾನೆ, ಗೊಬ್ಬರದ ಕಾರ್ಖಾನೆ, ವಿದ್ಯುತ್ ಸ್ಥಾವರದ ಚಿಮಣಿಗಳು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆಯನ್ನು ಸಂಜೆ ತೆಗೆಯುವಾಗ ಇದು ನಮ್ಮದೇ ಹೌದೇ ಎಂದು ಎರಡು ಸಲ ನೋಡಬೇಕು. ಎಕ್ಸ್‌ಪ್ರೆಸ್ ರೋಡು ಎಂಬ ಹೆಸರಿನ ರಸ್ತೆಯಲ್ಲಿ ಬಂದರಿನ ಕಂಟೇನರ್ ಲಾರಿಗಳು ಬೇರುಬಿಟ್ಟು ನಿಂತಿರುತ್ತವೆ. ಅವುಗಳ ಸಂದಿಯಲ್ಲಿ ನಮ್ಮ ಸೈಕಲ್ಲು, ಬೈಕು. ಒಟ್ಟಿನಲ್ಲಿ ಬೀಳುವುದಕ್ಕೆ ಜಾಗದ ಬರವಿಲ್ಲದ ಊರು.

ರಾಯರ ತಂದೆ ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಮದ್ರಾಸಿಗೆ ಬಂದವರು. ಹಾಗಾಗಿ ಮಗನಿಗೆ ಮನೆಯಲ್ಲಿ ಉಡುಪಿ ಕನ್ನಡ, ಬೀದಿಯಲ್ಲಿ ತಮಿಳು, ಅರ್ಜಿಯಲ್ಲಿ ಇಂಗ್ಲಿಷು. ತಮಿಳು ಗೆಳೆಯರು ಅವರನ್ನು 'ಲೀವು ವಾತ್ಯಾರ್' ಅನ್ನುತ್ತಿದ್ದರು, ಅಂದರೆ ರಜೆಯ ಮೇಷ್ಟ್ರು. ಅವರ ಮೇಜಿನ ಖಾನೆಯಲ್ಲಿ ಕಂದು ಕಾಗದದ ರಟ್ಟು ಹಾಕಿದ ಎರಡು ಪುಸ್ತಕಗಳಿದ್ದವು: 1948ರ ಕಾರ್ಖಾನೆ ಕಾಯ್ದೆ, ಅದೇ ವರ್ಷದ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಕಾಯ್ದೆ. ಆಯುಧಪೂಜೆಯ ದಿನ ಎಲ್ಲರೂ ಲೇತ್ ಮೆಷಿನ್ನಿಗೆ ಕುಂಕುಮ ಹಚ್ಚಿದರೆ ರಾಯರು ಈ ಎರಡಕ್ಕೆ ಹಚ್ಚುತ್ತಿದ್ದರು.

ಲೋಕದಲ್ಲಿ ಬಡವ ಬಲ್ಲಿದ ಎಂಬ ಜಾತಿಗಳಿವೆ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಅವರು ಕಂಡದ್ದು ಸಿಎಲ್ (ಸಾಂದರ್ಭಿಕ ರಜೆ), ಇಎಲ್ (ಗಳಿಕೆ ರಜೆ), ಇಎಸ್‌ಐ ಎಂಬ ಮೂರು ಜಾತಿ. ಮದುವೆಯ ಕರೆಯೋಲೆ ಕೊಟ್ಟರೆ ವಧುವಿನ ಹೆಸರು ಓದುವ ಮೊದಲು ವಾರ ನೋಡುತ್ತಿದ್ದರು. "ಗುರುವಾರ ಮುಹೂರ್ತವಾ? ಶುಕ್ರವಾರ ಒಂದು ದಿನ ಮಧ್ಯೆ ಸಿಕ್ಕಿಹಾಕಿಕೊಂಡಿತಲ್ಲ ಮಾರಾಯ್ರೆ, ಪುರೋಹಿತರಿಗೆ ಯಾರೂ ಹೇಳಲಿಲ್ಲವಾ?" ಇಷ್ಟೆಲ್ಲ ತಿಳಿದ ಮನುಷ್ಯ ತಾನು ಮಾತ್ರ ರಜೆ ಹಾಕುತ್ತಿರಲಿಲ್ಲ. ಹಲ್ವ ಮಾಡುವವನು ಹಲ್ವ ತಿನ್ನುವುದಿಲ್ಲವಲ್ಲ, ಹಾಗೆ.

ಬೀಳುವುದರ ಬಗ್ಗೆ ರಾಯರದ್ದೇ ಒಂದು ಬ್ರಹ್ಮಾಂಡ ದರ್ಶನವಿತ್ತು. ಗೇಟಿನ ಒಳಗೆ, ಕೆಲಸದ ಮೇಲೆ ಬಿದ್ದರೆ ಸ್ವರ್ಗ: ಇಎಸ್‌ಐನಿಂದ ಸಂಬಳದ ನೂರಕ್ಕೆ 90 ಪಾಲು, ಗುಣವಾಗುವವರೆಗೆ. ಮನೆಯಲ್ಲಿ ಬಿದ್ದರೆ ಭೂಲೋಕ: ಕಾಯಿಲೆಯ ಲೆಕ್ಕದಲ್ಲಿ 70 ಪಾಲು, ವರ್ಷಕ್ಕೆ 91 ದಿನದವರೆಗೆ. ಇವೆರಡರ ನಡುವೆ ರಸ್ತೆ. "ಅದು ತ್ರಿಶಂಕು" ಎಂದು ಅವರು ಕನ್ನಡಕ ತೆಗೆದರೆಂದರೆ ಹರಿಕಥೆ ಶುರು.

"1971ನೇ ಇಸವಿ, ಜೂನ್ ತಿಂಗಳು. ಕೇರಳದ ಕೊರಟ್ಟಿ. ನಾಲ್ಕೂವರೆಯ ಶಿಫ್ಟಿಗೆ ಒಬ್ಬ ಕಾರ್ಮಿಕ ಸೈಕಲ್ ತುಳಿದುಕೊಂಡು ಹೊರಟಿದ್ದಾನೆ. ಗಂಟೆ ನಾಲ್ಕೂಕಾಲು. ಫ್ಯಾಕ್ಟರಿಗೆ ಇನ್ನು ಒಂದೇ ಕಿಲೋಮೀಟರು. ಒಂದು ಲಾರಿ ಬಂದು ಗುದ್ದಿತು. ಯಾರ ಲಾರಿ?" ಇಲ್ಲಿ ಅವರು ನಿಲ್ಲಿಸುತ್ತಿದ್ದರು. ನೂರು ಸಲ ಕೇಳಿದವರೂ "ಯಾರದ್ದು?" ಎನ್ನಬೇಕು. "ಅದೇ ಫ್ಯಾಕ್ಟರಿಯ ಲಾರಿ! ಕುತ್ತಿಗೆ ಕೆಳಗಿನ ಎಲುಬು ಮುರಿಯಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1996ರಲ್ಲಿ ತೀರ್ಪು ಬಂತು: ಇದು ಕೆಲಸದ ಪೆಟ್ಟಲ್ಲ. ಕಾಲು ಗಂಟೆ, ಒಂದು ಕಿಲೋಮೀಟರು, ಇಪ್ಪತ್ತೈದು ವರ್ಷ!" ಮಂಗಳ ಹಾಡುವುದು 2010ರ ತಿದ್ದುಪಡಿಯಿಂದ. ಮನೆಯಿಂದ ಕೆಲಸಕ್ಕೆ ಹೋಗುವ, ಕೆಲಸದಿಂದ ಮನೆಗೆ ಬರುವ ದಾರಿಯ ಅಪಘಾತವೂ, ಹೊತ್ತು, ಜಾಗ, ಸಂದರ್ಭ ಕೆಲಸದೊಂದಿಗೆ ಹೊಂದಿ ಬಂದರೆ, ಕೆಲಸದ ಪೆಟ್ಟೇ ಎಂದು ಆ ವರ್ಷ ಕಾಯ್ದೆಗೆ ಸೇರಿತು. "ಅದಕ್ಕೇ ನಾನು ಕೇಳುವುದು, ಕೈಯಲ್ಲಿ ಟಿಫಿನ್ ಡಬ್ಬಿಯೋ ತರಕಾರಿ ಚೀಲವೋ ಅಂತ. ತರಕಾರಿ ಅಂದರೆ ನೀವು ದಾರಿ ಬಿಟ್ಟು ಮಾರ್ಕೆಟ್ಟಿಗೆ ತಿರುಗಿದ್ದೀರಿ ಅಂತಾಯ್ತಲ್ಲ!"

ನನ್ನ ಸರದಿ ಯುಗಾದಿಗೆ ಮುಂಚಿನ ಭಾನುವಾರ ಬಂತು. ಫ್ಯಾನು ಒರೆಸಲು ಸ್ಟೂಲ್ ಹತ್ತಿದೆ. ಇಳಿದದ್ದು ಸ್ಟೂಲಿನ ಮೂಲಕವಲ್ಲ. ಬಲಗೈ ಮಣಿಕಟ್ಟು ಮುರಿಯಿತು. ಸುದ್ದಿ ತಿಳಿದ ಕೂಡಲೇ ಗೆಳೆಯರು ಬಂದು ನನ್ನ ಬೀಳುವಿಕೆಗೆ ಒಳ್ಳೆಯ ಜಾಗ ಹುಡುಕತೊಡಗಿದರು. ಒಬ್ಬ ಅದನ್ನು ಸೋಮವಾರ ಬೆಳಿಗ್ಗೆ ಕತ್ತಿವಾಕ್ಕಂ ರೈಲ್ವೆ ಸ್ಟೇಷನ್ನಿನ ಮೆಟ್ಟಿಲಿಗೆ ಸಾಗಿಸಿದ. ಇನ್ನೊಬ್ಬ ಇನ್ನೂ ಉದಾರಿ. ನೇರವಾಗಿ ಗೇಟಿನ ಒಳಗೆ, ಪಂಚಿಂಗ್ ಮೆಷಿನ್ನಿನ ಪಕ್ಕಕ್ಕೇ ತಂದು ಬೀಳಿಸಿದ. ನಾನೂ ಒಳಗೊಳಗೇ ಒಪ್ಪಿದ್ದೆ. ಮನೆಯಲ್ಲಿ ಬಿದ್ದವನಿಗೆ ಸಂಬಳವೂ ಇಲ್ಲ, ಬಹುಶಃ ಕೆಲಸವೂ ಇಲ್ಲ ಎಂದೇ ನನ್ನ ತಿಳಿವಳಿಕೆ.

ಅಷ್ಟರಲ್ಲಿ ರಾಯರು ಬಂದರು. ಮೂರು ಪ್ರಶ್ನೆ ಕೇಳಿದರು. ನಾನು ಮೊದಲನೆಯದಕ್ಕೇ ತಡವರಿಸಿದೆ.

"ಬಿದ್ದ ಜಾಗ ಕದಿಯಬೇಡಿ ಮಾರಾಯ್ರೆ" ಅಂದರು. "ತಿಂಗಳು ತಿಂಗಳು ನಿಮ್ಮ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಾರೆ, ಕಂಪನಿ ಮೂರೂಕಾಲು ರೂಪಾಯಿ ಹಾಕುತ್ತದೆ. ಎಂತಕ್ಕೆ? ಸ್ಟೂಲಿನಿಂದ ಬಿದ್ದವನಿಗೂ ಅಂತಲೇ. ಡಿಸ್ಪೆನ್ಸರಿಗೆ ಹೋಗಿ, ಫಸ್ಟ್ ಸರ್ಟಿಫಿಕೇಟ್ ತೆಗೆದುಕೊಳ್ಳಿ, 70 ಪಾಲು ಬರುತ್ತದೆ. ಮೊದಲ ಎರಡು ದಿನ ಸಿಗುವುದಿಲ್ಲ, ಅದು ದೇವರ ಹುಂಡಿಗೆ. ಆ ದುಡ್ಡು ತೆಗೆದುಕೊಳ್ಳುತ್ತಿರುವಷ್ಟು ದಿನ ನಿಮ್ಮನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. 73ನೇ ಸೆಕ್ಷನ್."

"ಗೇಟಿನ ಒಳಗೆ ಅಂದರೆ 90 ಅಲ್ವಾ ರಾಯ್ರೆ?" ಗೆಳೆಯನೊಬ್ಬ ಮೆಲ್ಲಗೆ ಕೇಳಿದ.

"ಆ 20 ಸುಳ್ಳಿನ ಸಂಬಳ. ಒಂದು ಸುಳ್ಳಿಗೆ ಎರಡು ಸಾಕ್ಷಿ ಬೇಕು. ಸಾಕ್ಷಿಗಳಿಗೆ ದಿನಾ ಟೀ, ವಡೆ. ವಡೆ ಈಗ ಎಷ್ಟು? ಅಕೌಂಟ್ಸಿನವರು ನೀವು, ಲೆಕ್ಕ ಹಾಕಿ. ನಷ್ಟ!"

ಅಲ್ಲಿಂದ ಆರು ವಾರ ರಾಯರು ನನ್ನ ಸಂಜೆಗಳನ್ನು ತಪಾಸಣೆ ಮಾಡಿದರು. ಎಡಗೈಯಲ್ಲಿ ನೀರಿನ ಬಿಂದಿಗೆ ಎತ್ತುತ್ತಿದ್ದಾಗ ಸಿಕ್ಕಿಬಿದ್ದೆ. "ಗುಣವಾಗುವುದಕ್ಕೆ ಅಡ್ಡಿಯಾಗುವ ಕೆಲಸ ಮಾಡುವ ಹಾಗಿಲ್ಲ, 64ನೇ ಸೆಕ್ಷನ್!" ಹಬ್ಬಕ್ಕೆ ತುಮಕೂರಿಗೆ ಹೋಗಿ ಬರೋಣ ಅಂದುಕೊಂಡರೆ ಅದೂ ಅಲ್ಲೇ ಇತ್ತು: ಡಾಕ್ಟರ ಅನುಮತಿ ಇಲ್ಲದೆ ಊರು ಬಿಡುವ ಹಾಗಿಲ್ಲ. "ಬಾಣಂತಿಗೂ ಇಷ್ಟು ಪಥ್ಯ ಇಲ್ಲ" ಎಂದು ನನ್ನ ಹೆಂಡತಿ ಗೊಣಗಿದಳು. ಆದರೆ ಬ್ಯಾಂಕಿಗೆ ದುಡ್ಡು ಬಂದ ದಿನ ರಾಯರಿಗೆ ಒಬ್ಬಟ್ಟು ಕಳಿಸಿದವಳೂ ಅವಳೇ.

ಇಎಸ್‌ಐ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ. ಅದನ್ನು ದಾಟಿದ ಹಿರಿಯ ಫಿಟ್ಟರ್ ಒಬ್ಬ ಮಗನ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಅವನಿಗೆ ಉಳಿದದ್ದು ದುಡಿದ 20 ದಿನಕ್ಕೊಂದರಂತೆ ಗಳಿಸಿದ ಇಎಲ್ ಮಾತ್ರ. ಹೊಸದಾಗಿ ಬಂದಿದ್ದ ಪರ್ಸನೆಲ್ ಆಫೀಸರು, ಇಎಲ್ ಬೇಕಾದರೆ 15 ದಿನ ಮುಂಚೆ ಅರ್ಜಿ ಕೊಡಬೇಕು ಎಂದು ನಿಯಮ ತೋರಿಸಿದರು. ರಾಯರು ಕಂದು ರಟ್ಟಿನ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋದರು.

"ಸಾರ್, ಇವನು 15 ದಿನ ಮುಂಚೆ ಅರ್ಜಿ ಹಾಕಿ ಬೀಳಬೇಕಿತ್ತು ಅಂತೀರಾ?"

ಆಮೇಲೆ 79ನೇ ಸೆಕ್ಷನ್ನಿನ ಏಳನೇ ಉಪವಿಭಾಗ ತೆರೆದು ಬೆರಳಿಟ್ಟರು. ಕಾಯಿಲೆಗೆಂದು ಕೇಳುವ ಇಎಲ್‌ಗೆ ಆ ಗಡುವು ಅಡ್ಡಬರುವುದಿಲ್ಲ ಎಂದು ಅಲ್ಲಿ ಬರೆದಿತ್ತು. ಆಫೀಸರು ಸಹಿ ಹಾಕಿದರು. ಮಾರನೆಯ ತಿಂಗಳು ಅವರೇ ಬ್ಯಾಡ್ಮಿಂಟನ್ ಆಡುತ್ತಾ ಪಾದ ತಿರುಚಿಕೊಂಡು ಕುಂಟುತ್ತಾ ಬಂದಾಗ ಎಲ್ಲರಿಗಿಂತ ಮೊದಲು ಸ್ಟೋರ್ಸಿಗೇ ಬಂದರು.

ರಾಯರ ಪುಸ್ತಕ ಸೋತದ್ದು ಒಂದೇ ಸಲ. ಒಡಿಶಾದ ಒಬ್ಬ ಕಾಂಟ್ರಾಕ್ಟ್ ಹುಡುಗ, ರಾತ್ರಿ ಬಾಡಿಗೆ ಕೋಣೆಯ ಮೆಟ್ಟಿಲಲ್ಲಿ ಜಾರಿ ಮೊಣಕೈ ಮುರಿದುಕೊಂಡ. ಚಿಕಿತ್ಸೆಗೆ ತೊಂದರೆಯಿರಲಿಲ್ಲ, ಅದು ಕೆಲಸಕ್ಕೆ ಸೇರಿದ ದಿನದಿಂದಲೇ ಉಂಟು. ದುಡ್ಡು ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಹುಡುಗನದು 71 ದಿನ. ರಾಯರು ನಾಲ್ಕು ಸಲ ಎಣಿಸಿದರು. ಐದನೆಯ ಸಲ ನನ್ನ ಕೈಯಿಂದ ಎಣಿಸಿಸಿದರು. ನಾನು ಓದಿದ ಗಣಿತದಲ್ಲೂ 71 ಬಂತು.

ಎರಡು ದಿನ ಅವರು ಯಾರಲ್ಲೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಹುಡುಗನ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋಗಿ, ಜೇಬಿನಿಂದ ದುಡ್ಡು ತೆಗೆದು ಎಣಿಸಿ, ವೋಚರ್ ಮುಂದಿಟ್ಟು ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಡಾಕ್ಟರ ಚೀಟಿಯನ್ನು ವೋಚರಿಗೆ ಪಿನ್ ಮಾಡಿದರು. ನನಗೆ ಲೆಕ್ಕ ಸ್ವಲ್ಪ ಕಡಿಮೆ ಕಂಡಿತು. ಹೊರಗೆ ಬಂದ ಮೇಲೆ ಕೇಳಿದೆ.

"ಸಂಬಳದ 70 ಪಾಲು ಕೊಟ್ಟದ್ದು" ಅಂದರು. "ಮೊದಲ ಎರಡು ದಿನ ಹಿಡಿದಿದ್ದೇನೆ."

"ನಿಮ್ಮ ಜೇಬಿನ ದುಡ್ಡಿಗೂ ಕಾಯ್ದೆಯಾ ರಾಯ್ರೆ?"

"ಮತ್ತೆ? ಮನಸ್ಸಿಗೆ ಬಂದಷ್ಟು ಕೊಟ್ಟರೆ ಅದು ದಾನ ಆಗುತ್ತದೆ. ಅವನೇನು ಬೇಡಿದವನಾ? ಏಳು ದಿನ ಕಮ್ಮಿ ಬಿದ್ದವನು, ಅಷ್ಟೆ."

ಹೀಗಿದ್ದ ರಾಯರಿಗೆ ಒಂದು ವರ್ಷ ಇನ್‌ಕ್ರಿಮೆಂಟ್ ಬಂದು ಸಂಬಳ 21,000 ದಾಟಿತು. ಇನ್‌ಕ್ರಿಮೆಂಟ್ ಬೇಡ ಎಂದು ಅರ್ಜಿ ಬರೆದ ಏಕೈಕ ನೌಕರ ಅವರೇ ಇರಬೇಕು, ಅರ್ಜಿ ತಿರಸ್ಕೃತವಾಯಿತು. ನಡುವೆ ಸಂಬಳ ಏರಿದರೂ ವಂತಿಗೆ ಅವಧಿ ಮುಗಿಯುವ ಸೆಪ್ಟೆಂಬರ್ 30ರವರೆಗೆ ಇಎಸ್‌ಐ ಬಿಟ್ಟುಹೋಗುವುದಿಲ್ಲವಾದ್ದರಿಂದ ಅಷ್ಟು ದಿನ ಸಮಾಧಾನವಾಗಿದ್ದರು. ಅಕ್ಟೋಬರ್ ಒಂದರಂದು ಮಗಳನ್ನು ಗಂಡನ ಮನೆಗೆ ಕಳಿಸಿದವರಂತೆ ಕೂತಿದ್ದರು. ಊರಿಗೆಲ್ಲ ಕೊಡೆ ಹಿಡಿದವರು ಈಗ ಮಳೆಯಲ್ಲಿ.

ಮರುವರ್ಷದ ನವೆಂಬರಿನಲ್ಲಿ ಚೆನ್ನೈಗೆ ಬರಬೇಕಾದ ಮಳೆ ಬಂತು. ರಾಯರಿಗೆ ಐದು ದಿನ ಜ್ವರ. ಎದ್ದು ಒಂದು ವಾರ ಕೆಲಸಕ್ಕೆ ಬಂದರು. ಆಮೇಲೆ ಒಂದು ಬೆಳಿಗ್ಗೆ ಸ್ಟೋರ್ಸಿನ ಬಾಗಿಲು ತೆರೆಯಲಿಲ್ಲ.

ನಾವು ಆರು ಜನ ಮನೆಗೆ ಹೋದೆವು. ಕುಂಟು ವಾಸಿಯಾದ ಫಿಟ್ಟರ್, ಪರ್ಸನೆಲ್ ಆಫೀಸರು, ಒಡಿಶಾದ ಹುಡುಗ ಎಲ್ಲರೂ ಇದ್ದರು. ರಾಯರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲಿದ್ದರು. ಆರೂ ಜನರ ಬಾಯಲ್ಲಿ, ಕನ್ನಡದಲ್ಲೋ ತಮಿಳಿನಲ್ಲೋ, ಒಂದೇ ಪ್ರಶ್ನೆ ಹೊರಟಿತು.

"ಎಲ್ಲಿ ಬಿದ್ದದ್ದು?"

"ಮನೆಯ ಮೆಟ್ಟಿಲು. ಭಾನುವಾರ. ಬೆಳಿಗ್ಗೆ ಆರೂವರೆ." ರಾಯರು ಹಾಜರಿ ಹೇಳುವಂತೆ ಹೇಳಿದರು. "ಕೈಯಲ್ಲಿ ಹಾಲಿನ ಪ್ಯಾಕೆಟ್. ಹಾಲು ಒಡೆಯಲಿಲ್ಲ."

ನಾನು ಲಕೋಟೆ ತೆಗೆದು ದಿಂಬಿನ ಪಕ್ಕ ಇಟ್ಟೆ. ಕ್ಯಾಂಟೀನಿನಲ್ಲಿ ಎಲ್ಲರೂ ಸೇರಿಸಿದ ದುಡ್ಡು. ಅವರ ಶಿಷ್ಯರಲ್ಲವೇ ನಾವು? ಆರು ವಾರಕ್ಕೆ, ಸಂಬಳದ 70 ಪಾಲು, ಮೊದಲ ಎರಡು ದಿನ ಕಳೆದು. ಲೆಕ್ಕದ ಚೀಟಿಯನ್ನೂ ಪಿನ್ ಮಾಡಿದ್ದೆ. ವೋಚರೂ ಇತ್ತು.

ರಾಯರು ಕನ್ನಡಕ ಹಾಕಿಕೊಂಡರು. ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ; ಹುಡುಗ ಮಂಚದ ಕಾಲು ಹಿಡಿದುಕೊಂಡು ನೆಲ ನೋಡುತ್ತಿದ್ದ. ರಾಯರು ಚೀಟಿ ಮಡಿಸಿ ಲಕೋಟೆಯೊಳಗಿಟ್ಟು ನನ್ನ ಕೈಗೆ ವಾಪಸು ಕೊಟ್ಟರು.

"ನಾನು ಈಗ ಇಎಲ್ ಮೇಲಿದ್ದೇನೆ. ಸಂಬಳದ ರಜೆ ತೆಗೆದುಕೊಂಡವನಿಗೆ ಅದೇ ದಿನಗಳಿಗೆ ಈ ದುಡ್ಡೂ ಅಂದರೆ ಎರಡೆರಡು ಸಲ ಆಗುತ್ತದೆ. 63ನೇ ಸೆಕ್ಷನ್. ಇದು ಕ್ಯಾಂಟೀನಿನಲ್ಲೇ ಇರಲಿ, ಮುಂದೆ ಏಳು ದಿನ ಕಮ್ಮಿ ಬೀಳುವವನು ಇನ್ನೊಬ್ಬ ಬಂದೇ ಬರುತ್ತಾನೆ."

ಆ ಸೆಕ್ಷನ್ನುಗಳಿಗೆ ಈಗ ಬೇರೆ ಸಂಖ್ಯೆ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ನಿವೃತ್ತರಾದ ರಾಯರು ಹೊಸ ಪುಸ್ತಕಕ್ಕೂ ಕಂದು ರಟ್ಟು ಹಾಕಿದ್ದಾರೆ. "ಮದುವೆಯಾದ ಹೆಣ್ಣುಮಕ್ಕಳ ಹಾಗೆ ಮಾರಾಯ್ರೆ, ಇನಿಷಿಯಲ್ ಬದಲಾಗಿದೆ. ಗುರುತು ಹಿಡಿಯಲಿಕ್ಕೆ ಸ್ವಲ್ಪ ದಿನ ಬೇಕು" ಎಂದು ಫೋನಿನಲ್ಲಿ ಹೇಳುತ್ತಾರೆ.

ಆ ದಿನ ಲಕೋಟೆ ಜೇಬಿಗಿಟ್ಟುಕೊಂಡು ನಾವು ಚಪ್ಪಲಿ ಮೆಟ್ಟುತ್ತಿದ್ದೆವು. ಒಳಗಿನಿಂದ ಮತ್ತೆ ಕರೆದರು. ಮನಸ್ಸು ಬದಲಾಯಿಸಿದರೇನೋ ಎಂದು ಓಡಿದೆ.

"ಲೆಕ್ಕ ತಪ್ಪಿದ್ದೀರಿ" ಅಂದರು. "ಹೋದ ವಾರವಷ್ಟೇ ನಾನು ಜ್ವರದಿಂದ ಎದ್ದದ್ದು. 15 ದಿನದೊಳಗೆ ಎರಡನೇ ಸಲ ಮಲಗಿದವನಿಗೆ ಆ ಎರಡು ದಿನ ಹಿಡಿಯುವ ಹಾಗಿಲ್ಲ. ನನಗೆ ಬೇಡ ಅಂದೆ, ಸರಿ. ಹಾಗಂತ ಕಮ್ಮಿ ಕೊಡುವುದಾ?"